ಮರಿಯನ್ ಪತ್ರಿಕೆ ಮೇಲಿನ ದಾಳಿ: ವಾರಂಟ್ ಇತ್ತು, ಅಜ್ಜಿಗೆ ಯಾರೂ ಹೊಡೆಯಲಿಲ್ಲ

‘ಅಮೆರಿಕದಲ್ಲಿ ವಾರಂಟ್ ಇಲ್ಲದೆ ಪತ್ರಿಕಾ ಕಚೇರಿಗೆ ನುಗ್ಗಿದ ಪೊಲೀಸರು 98 ವರ್ಷದ ಅಜ್ಜಿಯನ್ನು ಹೊಡೆದು ಕೊಂದರು’ ಅನ್ನೋ ಮಾತು ಹರಿದಾಡುತ್ತಿದೆ. ಅರ್ಧ ನಿಜ, ಅರ್ಧ ಸುಳ್ಳು.

ಘಟನೆ ನಡೆದದ್ದು 2023ರ ಆಗಸ್ಟ್ 11ರಂದು, ಕಾನ್ಸಾಸ್ ರಾಜ್ಯದ ಪುಟ್ಟ ಊರು ಮರಿಯನ್‌ನಲ್ಲಿ. ‘ಮರಿಯನ್ ಕೌಂಟಿ ರೆಕಾರ್ಡ್’ ಪತ್ರಿಕೆಯ ಕಚೇರಿಯಿಂದ ಪೊಲೀಸರು ಕಂಪ್ಯೂಟರ್, ಮೊಬೈಲ್ ಹೊತ್ತೊಯ್ದರು. ವಾರಂಟ್ ಇತ್ತು, ಮ್ಯಾಜಿಸ್ಟ್ರೇಟ್ ಸಹಿಯೂ ಇತ್ತು. ತಕರಾರು ಇರೋದು ಆ ವಾರಂಟ್ ಕೊಟ್ಟದ್ದೇ ಸರಿಯಾ ಅನ್ನೋದರ ಬಗ್ಗೆ. ಸಾಕಷ್ಟು ಆಧಾರ ಇಲ್ಲ ಅಂತ ಸರ್ಕಾರಿ ವಕೀಲರೇ ಐದು ದಿನಕ್ಕೆ ಅದನ್ನು ವಾಪಸ್ ತೆಗೆದುಕೊಂಡರು.

ಇನ್ನು ಅಜ್ಜಿಯ ವಿಷಯ. ಪತ್ರಿಕೆಯ ಸಹ ಮಾಲಕಿ ಜೋನ್ ಮೇಯರ್ ಅವರ ಮನೆಯನ್ನೂ ಪೊಲೀಸರು ಶೋಧಿಸಿದರು. ವಾಕರ್ ಹಿಡಿದು ನಿಂತ ಅವರು ‘ನನ್ನ ಮನೆಯಿಂದ ಆಚೆ ಹೋಗಿ’ ಅಂತ ಗದರಿದ್ದು ಮನೆಯ ಕ್ಯಾಮೆರಾದಲ್ಲೇ ಇದೆ. ಯಾರೂ ಕೈ ಮಾಡಲಿಲ್ಲ. ಮಾರನೇ ದಿನ ಹೃದಯ ನಿಂತು ತೀರಿಕೊಂಡರು. ದಾಳಿಯ ಆಘಾತವೇ ಕಾರಣ ಅಂತ ಮಗ, ಸಂಪಾದಕ ಎರಿಕ್ ಮೇಯರ್ ಹೇಳುತ್ತಾರೆ. ಆ ನೋವು ದೊಡ್ಡದೇ. ಆದರೆ ಹೊಡೆದು ಕೊಂದರು ಅನ್ನೋದು ಬೇರೆ ಮಾತು, ಅಲ್ವಾ?

ದಾಳಿಗೆ ಕಾರಣವಾಗಿ ಕೊಟ್ಟ ‘ಈ ಪತ್ರಿಕೆಯ ಪತ್ರಕರ್ತೆ ದಾಖಲೆ ಕದ್ದಿದ್ದಳು’ ಅನ್ನೋ ಇನ್ನೊಂದು ವಾದವೂ ಸುಳ್ಳು. ಆಕೆ ನೋಡಿದ್ದು ಸರ್ಕಾರಿ ವೆಬ್‌ಸೈಟ್‌ನಲ್ಲಿ ಸಿಗುವ ಡ್ರೈವಿಂಗ್ ಲೈಸೆನ್ಸ್ ಮಾಹಿತಿ. ಪತ್ರಿಕೆಯವರು ಅಪರಾಧ ಮಾಡಿಲ್ಲ ಅಂತ 2024ರಲ್ಲಿ ವಿಶೇಷ ಅಭಿಯೋಜಕರ ವರದಿ ಹೇಳಿತು. ಪೊಲೀಸ್ ಮುಖ್ಯಸ್ಥ ಗಿಡಿಯನ್ ಕೋಡಿ ಅಷ್ಟರಲ್ಲಾಗಲೇ ರಾಜೀನಾಮೆ ಕೊಟ್ಟಿದ್ದರು.

ಅಂದ ಹಾಗೆ, ಪತ್ರಿಕೆ ಒಂದು ವಾರವೂ ನಿಲ್ಲಲಿಲ್ಲ.