‘ಒಂಥರಾ’ ಅಂದ್ರೆ ಯಾವ ಥರ?

ಬೆಂಗಳೂರಿನ ಯಾವ ಕ್ಲಿನಿಕ್ಕಿನಲ್ಲಿ ಹತ್ತು ನಿಮಿಷ ಕೂತರೂ ಒಂದು ಮಾತು ಕಿವಿಗೆ ಬಿದ್ದೇ ಬೀಳುತ್ತೆ: ‘ಒಂಥರಾ ಆಗ್ತಿದೆ ಡಾಕ್ಟ್ರೇ.’ ಹೋದ ವರ್ಷ ನಾನೂ ಅದನ್ನೇ ಅಂದೆ. ಕೆಳದುಟಿ, ನಾಲಿಗೆಯ ತುದಿ, ದಿನಕ್ಕೆ ನಾಲ್ಕೈದು ಸಲ ಒಂಥರಾ.

‘ಯಾವ ಥರ? ಉರೀನಾ, ಜೋಮಾ, ಮುಟ್ಟಿದ್ರೆ ಗೊತ್ತೇ ಆಗಲ್ವಾ?’

ತಬ್ಬಿಬ್ಬಾದೆ. ಹದಿನೈದು ದಿನದಿಂದ ಅನುಭವಿಸ್ತಿದ್ದೀನಿ, ಹೇಳೋಕೆ ಬಾಯಿಲ್ಲ. ಕೊನೆಗೆ ‘ಜುಮ್ಮನಕಾಯಿ ಅಗಿದ ಹಾಗೆ ಸರ್’ ಅಂದೆ. ಅವರು ಹೊನ್ನಾವರದ ಕಡೆಯವರು, ನಕ್ಕುಬಿಟ್ಟರು. ‘ಈಗ ಹೇಳಿದ್ರಿ ನೋಡಿ!’

(ಗೊತ್ತಿಲ್ಲದವರಿಗೆ: ಕರಾವಳಿಯ ಅಡುಗೆಗೆ ಹಾಕೋ ಕಾಯಿ ಅದು, ಚೀನಾದ ಸಿಚುವಾನ್ ಮೆಣಸಿನ ನೆಂಟ. ಅಗಿದರೆ ಬಾಯೆಲ್ಲ ಜುಮುಜುಮು.)

ನನ್ನ ತಕರಾರು ಇಷ್ಟೇ. ಉರಿ, ಜೋಮು, ಮರಗಟ್ಟೋದು, ಜುಮುಜುಮು ಅಂತ ಕನ್ನಡದಲ್ಲಿ ಇಷ್ಟೊಂದು ಮಾತಿದ್ದರೂ ನಾವು ಎಲ್ಲವನ್ನೂ ‘ಒಂಥರಾ’ದೊಳಗೆ ತುಂಬಿ, ಆಮೇಲೆ ‘ಗ್ಯಾಸ್ಟ್ರಿಕ್’ ಅಂತ ಹೆಸರಿಟ್ಟುಬಿಡ್ತೀವಿ. ಆದರೆ ಒಂದೊಂದು ಮಾತೂ ಒಂದೊಂದು ಕಡೆಗೆ ಬೆರಳು ತೋರಿಸುತ್ತೆ. ಅಡಿಕೆ, ಗುಟ್ಕಾ ಹಾಕೋರಿಗೆ ಖಾರ ತಿಂದರೆ ಉರಿ, ಬಾಯಿ ಅಗಲಿಸೋಕೆ ಬಿಗಿತ ಅಂದ್ರೆ ಕೆನ್ನೆಯ ಒಳಪದರ ಗಡುಸಾಗ್ತಿರಬಹುದು, ಮುಂದೆ ಅದು ಕ್ಯಾನ್ಸರಿಗೂ ದಾರಿ. ಬುದ್ಧಿಹಲ್ಲು ಕೀಳಿಸಿದ ಮೇಲೆ ಒಂದೇ ಕಡೆ ಮರಗಟ್ಟಿ ಹಾಗೇ ಉಳಿದರೆ ನರಕ್ಕೆ ಪೆಟ್ಟು. ಥೈರಾಯ್ಡ್ ಆಪರೇಷನ್ ಆದವರಿಗೆ ತುಟಿ ಸುತ್ತ, ಬೆರಳ ತುದಿ ಜುಮುಜುಮು ಅಂದರೆ ಕ್ಯಾಲ್ಸಿಯಂ ಇಳಿದಿರಬಹುದು. ಗಾಬರಿಯಲ್ಲಿ ಬೇಗಬೇಗ ಉಸಿರಾಡಿದರೂ ಹೀಗೇ ಆಗುತ್ತೆ: ಕಾರ್ಬನ್ ಡೈಆಕ್ಸೈಡ್ ಜಾಸ್ತಿ ಹೊರಹೋಗಿ, ರಕ್ತದಲ್ಲಿ ಕೆಲಸಕ್ಕೆ ಬರೋ ಕ್ಯಾಲ್ಸಿಯಂ ಆ ಹೊತ್ತಿಗೆ ಕಮ್ಮಿಯಾಗುತ್ತೆ. ಕಡಲೆಬೀಜವೋ ಸೀಗಡಿಯೋ ತಿಂದ ಕೂಡಲೇ ಜುಮುಗುಟ್ಟಿ ತುಟಿ ಊದಿಕೊಂಡು ಉಸಿರು ಕಟ್ಟಿದರೆ ನೇರ ಎಮರ್ಜೆನ್ಸಿಗೆ.

ಇನ್ನೊಂದನ್ನು ಒತ್ತಿ ಹೇಳಬೇಕು. ಇದ್ದಕ್ಕಿದ್ದ ಹಾಗೆ ಮುಖದ ಒಂದು ಕಡೆ ಜೋಮು, ಅದರ ಜೊತೆ ಬಾಯಿ ಸೊಟ್ಟ, ಕೈ ಸೋಲು, ಮಾತು ತೊದಲು: ಇದು ಸ್ಟ್ರೋಕ್ ಇರಬಹುದು. ಹೆಪ್ಪು ಕರಗಿಸೋ ಇಂಜೆಕ್ಷನ್ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಬೀಳಬೇಕು. ನಮ್ಮ ಟ್ರಾಫಿಕ್ಕಿನಲ್ಲಿ ಅದರಲ್ಲಿ ಒಂದು ಗಂಟೆ ರಸ್ತೆಯ ಪಾಲು. ಹತ್ತು ನಿಮಿಷಕ್ಕೆ ತಾನಾಗೇ ಸರಿಹೋಯಿತು ಅಂತ ಮಲಗಬೇಡಿ, ಅದು ದೊಡ್ಡದರ ಮುನ್ಸೂಚನೆ ಆಗಿರುತ್ತೆ ಎಷ್ಟೋ ಸಲ.

ನನ್ನದು ಅಷ್ಟು ದೊಡ್ಡ ಕಥೆಯಲ್ಲ. ಬಿ12 ಕಮ್ಮಿ. ಸಸ್ಯಾಹಾರಿ, ಹಾಲು ಮೊಸರೂ ಅಷ್ಟಕ್ಕಷ್ಟೆ. ಸೊಪ್ಪು ಬೇಳೆಯಲ್ಲಿ ಆ ವಿಟಮಿನ್ ಸಿಗೋದಿಲ್ಲ. ಲಿವರ್ ವರ್ಷಗಟ್ಟಲೆ ಕೂಡಿಟ್ಟುಕೊಂಡಿರುತ್ತೆ, ಹಾಗಾಗಿ ಖಾಲಿಯಾಗಿದ್ದು ತಡವಾಗಿ ಗೊತ್ತಾಗುತ್ತೆ. ತಮಾಷೆ ಏನು ಗೊತ್ತಾ? ಐದು ವರ್ಷದಿಂದ ಯಾರನ್ನೂ ಕೇಳದೆ ಖಾಲಿ ಹೊಟ್ಟೆಗೆ ನುಂಗ್ತಿದ್ದ ಗ್ಯಾಸ್ಟ್ರಿಕ್ ಮಾತ್ರೇನೂ ಬಿ12 ಮೈಗೆ ಹತ್ತದ ಹಾಗೆ ಮಾಡುತ್ತಂತೆ. ಶುಗರಿನ ಮೆಟ್‌ಫಾರ್ಮಿನ್ನೂ ಹಾಗೇ. ಟೆಸ್ಟಿಗೆ ಮುಂಚೆ ನಾಲ್ಕು ದಿನ ಬಿ ಕಾಂಪ್ಲೆಕ್ಸ್ ನುಂಗಿದ್ದಕ್ಕೂ ಬೈಸಿಕೊಂಡೆ. ರಿಪೋರ್ಟಿನಲ್ಲಿ ನಿಜ ಮುಚ್ಚಿಹೋಗಬಹುದಿತ್ತು.

ಇಂಜೆಕ್ಷನ್ ಶುರುವಾಗಿ ಎರಡು ತಿಂಗಳಿಗೆ ತುಟಿ ಸುಮ್ಮನಾಯಿತು. ನಾಲಿಗೆ ತುದಿ ಮಾತ್ರ ಆಗೀಗ ನೆನಪು ಮಾಡುತ್ತೆ. ಮುಂದಿನ ವಾರ ಡಾಕ್ಟರನ್ನು ನೋಡಬೇಕು. ಊರಿಂದ ಅಮ್ಮ ಜುಮ್ಮನಕಾಯಿ ಕಳಿಸಿದ್ದಾಳೆ, ಅವರಿಗೂ ಒಂದು ಪೊಟ್ಟಣ ಕಟ್ಟಿಟ್ಟಿದ್ದೀನಿ.