ಸ್ಪಷ್ಟನೆ: ಗುಂಡಿ ಪೂರ್ತಿ ತಿರುಗಿಸಿದರೆ ಗೀಸರ್ ನೀರು ಬೇಗ ಕಾಯುವುದಿಲ್ಲ
"ಗೀಸರ್ ಗುಂಡಿ ಕೊನೆತನಕ ತಿರುಗಿಸಿ, ನೀರು ಬೇಗ ಕಾಯುತ್ತದೆ, ಕರೆಂಟೂ ಉಳಿಯುತ್ತದೆ" ಎಂಬ ಸಂದೇಶ ನಮ್ಮ ಹುಬ್ಬಳ್ಳಿಯ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತಿದೆ. ಎರಡೂ ತಪ್ಪು.

ನೀರು ಕಾಯಿಸುವುದು ಒಳಗಿನ ಕಾಯಿಲ್. ಅದು 2,000 ವ್ಯಾಟ್ ಇದ್ದರೆ, ಗುಂಡಿ ಎಲ್ಲಿದ್ದರೂ ವೇಗ ಅಷ್ಟೇ. ನೀರು ಎಷ್ಟು ಬಿಸಿಯಾದಾಗ ಕಾಯಿಲ್ ನಿಲ್ಲಬೇಕು ಅನ್ನುವುದನ್ನು ಹೇಳುವುದಷ್ಟೇ ಗುಂಡಿಯ ಕೆಲಸ. 15 ಲೀಟರ್ ನೀರು 25 ಡಿಗ್ರಿಯಿಂದ 50ಕ್ಕೆ ಏರಲು ಸುಮಾರು 13 ನಿಮಿಷ ಸಾಕು. 70ಕ್ಕೆ ಸುಮಾರು 24 ನಿಮಿಷ ಬೇಕು, ಕರೆಂಟೂ ಅಷ್ಟು ಹೆಚ್ಚು ಖರ್ಚಾಗುತ್ತದೆ. ಕೊನೆಗೆ ತಣ್ಣೀರು ಬೆರೆಸಿಯೇ ಸ್ನಾನ ಮಾಡುತ್ತೇವೆ, ಅಲ್ವಾ?

ಬೋರ್ ನೀರಿನ ಮನೆಗಳಿಗೆ ತೊಂದರೆ ಇನ್ನೂ ಜಾಸ್ತಿ. ಗಡಸು ನೀರು ಹೆಚ್ಚು ಕಾದಷ್ಟೂ ಸುಣ್ಣ ಬೇಗ ಕಟ್ಟುತ್ತದೆ. ನಮ್ಮ ಗೀಸರ್ ಬಿಚ್ಚಿದಾಗ ಕಾಯಿಲ್ ಮೇಲಿನ ಬಿಳಿ ಪದರ ಮೊಟ್ಟೆ ಸಿಪ್ಪೆಯ ಹಾಗೆ ಉದುರಿತು.

55–60ರ ನಡುವೆ ಇಡಿ. ಮಕ್ಕಳಿದ್ದರೆ ಬಕೆಟ್‌ಗೆ ಮೊದಲು ತಣ್ಣೀರು ಬಿಡಿ.