ಟೈಗರ್ ಮಾತ್‌ನಲ್ಲಿ ಬದಲಾಗಿದ್ದು ಬರೀ ಎಂಜಿನ್ ಅಲ್ಲ

ಬ್ರಿಟನ್ನಿನ ಹಳೆಯ ತರಬೇತಿ ವಿಮಾನ ಟೈಗರ್ ಮಾತ್ ಬಗ್ಗೆ ನೀವು ಬರೆದ ಲೇಖನ ಇಷ್ಟವಾಯಿತು. ಆದರೆ ಟೈಗರ್ ಮಾತ್ ಅಂದರೆ ಜಾಸ್ತಿ ಶಕ್ತಿಯ ಎಂಜಿನ್ ಹಾಕಿದ ಜಿಪ್ಸಿ ಮಾತ್ (ಅದಕ್ಕೂ ಮೊದಲಿನ, ಮೇಲೊಂದು ಕೆಳಗೊಂದು ರೆಕ್ಕೆಯ ಇದೇ ಬಗೆಯ ವಿಮಾನ) ಅಷ್ಟೇ ಅಂತ ಅದರಲ್ಲಿ ಬರೆದ ಮಾತನ್ನು ಒಪ್ಪಲಾರೆ. ದೊಡ್ಡ ಬದಲಾವಣೆ ಆಗಿದ್ದು ರೆಕ್ಕೆಯಲ್ಲಿ. ಜಿಪ್ಸಿ ಮಾತ್‌ನ ಮುಂದಿನ ಸೀಟಿನಲ್ಲಿ ಕೂತವರ ತಲೆಯ ಮೇಲೇ ಪೆಟ್ರೋಲ್ ಟ್ಯಾಂಕ್, ಸುತ್ತಲೂ ಕಂಬಗಳು, ತಂತಿಗಳು. ಪ್ಯಾರಾಶೂಟ್ ಕಟ್ಟಿಕೊಂಡು ಅದರ ನಡುವೆ ನುಸುಳಿ ಹೊರಗೆ ಹಾರುವುದು ಕಷ್ಟ ಅಲ್ವಾ? ತರಬೇತಿಯಲ್ಲಿ ಆ ಸೀಟು ಶಿಕ್ಷಕರದ್ದು. ಅದಕ್ಕೇ ಮೇಲಿನ ರೆಕ್ಕೆಯ ನಡುಭಾಗವನ್ನು ಮುಂದಕ್ಕೆ ಸರಿಸಿದರು. ಸುಮ್ನೆ ಸರಿಸಿದರೆ ಸಮತೋಲ ತಪ್ಪುತ್ತದೆ, ಹಾಗಾಗಿ ರೆಕ್ಕೆಗಳನ್ನು ಹಿಂದಕ್ಕೆ ಓರೆ ಮಾಡಿದರು. ಆಗ ಕೆಳಗಿನ ರೆಕ್ಕೆಯ ತುದಿ ನೆಲಕ್ಕೆ ತೀರಾ ಹತ್ತಿರ ಬಂತು, ಅದನ್ನೂ ಮೇಲೆತ್ತಬೇಕಾಯಿತು. 1931ರ ಅಕ್ಟೋಬರ್‌ನಲ್ಲಿ ಮೊದಲು ಹಾರಿದ ಈ ವಿಮಾನದ ಓರೆ ರೆಕ್ಕೆ ಅಂದಕ್ಕಾಗಿ ಬಂದದ್ದಲ್ಲ, ಜೀವ ಉಳಿಸಲು ಬಂದದ್ದು.

ಇನ್ನೊಂದು ವಿಷಯ. ನಮ್ಮ ವಾಯುಪಡೆಯ ಹುಡುಗರೂ ಇದರಲ್ಲೇ ಹಾರಲು ಕಲಿತವರು. ಆಮೇಲೆ ಇದರ ಜಾಗಕ್ಕೆ ಬಂದ ಎಚ್‌ಟಿ-2 ತರಬೇತಿ ವಿಮಾನ ನಮ್ಮ ಬೆಂಗಳೂರಿನ ಎಚ್‌ಎಎಲ್‌ ವಿಮಾನ ಕಾರ್ಖಾನೆಯಲ್ಲಿ, ವಿಮಾನ ವಿನ್ಯಾಸಕಾರ ವಿ. ಎಂ. ಘಾಟಗೆ ಅವರ ಮುಂದಾಳತ್ವದಲ್ಲಿ ತಯಾರಾಗಿ 1951ರಲ್ಲಿ ಮೊದಲು ಹಾರಿತು. ಲೇಖನದಲ್ಲಿ ಅದರ ಬಗ್ಗೆ ಒಂದು ಸಾಲೂ ಇಲ್ಲ. ದಯವಿಟ್ಟು ಸೇರಿಸಿ.